ಬಾಲ ಒಂದು ಕಡೆ ಉದ್ದ ಇದ್ದರೆ ಅದು ಹೊಸ ಕೋಪಿಪಾಡಾ?

ಓದುಗರ ಪ್ರಶ್ನೆ: ನಾನು ಕಾರವಾರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ದೇವಗಡ ದ್ವೀಪದ ಆಚೆ ದೋಣಿಯಿಂದ 200 ಮೈಕ್ರಾನ್ ಬಲೆ ಎಳೆದು ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಹಿಡಿದೆವು. ಅದರಲ್ಲಿ ಟೆಮೋರಾ ಕುಲದ ಹಾಗೆ ಕಾಣುವ ಒಂದು ಕೋಪಿಪಾಡ್ (ಸಿಗಡಿ ಏಡಿ ವರ್ಗದ ಪುಟ್ಟ ಪ್ರಾಣಿ) ಸಿಕ್ಕಿದೆ. ಉದ್ದ ಸುಮಾರು 1.8 ಮಿ.ಮೀ. ಅದರ ಬಾಲದ ಎರಡು ಕವಲು ಒಂದೇ ಸಮ ಇಲ್ಲ. ನಮ್ಮ ಲ್ಯಾಬಿನಲ್ಲಿರುವ ಚಿತ್ರಗಳಲ್ಲಿ ಟೆಮೋರಾದ ಬಾಲ ಎರಡೂ ಕಡೆ ಸಮ ಇದೆ. ಮೊಟ್ಟೆ ಚೀಲವೂ ಇಲ್ಲ, ಹಾಗಾಗಿ ಗಂಡೋ ಹೆಣ್ಣೋ ತಿಳಿಯುತ್ತಿಲ್ಲ. ಇದು ಮುರಿದದ್ದಾ, ಅಥವಾ ಹೊಸ ಪ್ರಭೇದವಾ? ಹೊಸದಾದರೆ ಹೇಗೆ ವಿವರಿಸಬೇಕು? ಎಲ್ಲವನ್ನೂ ಫಾರ್ಮಲಿನ್‌ನಲ್ಲಿ ಇಟ್ಟಿದ್ದೇವೆ. ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಅದು ಮುರಿದಿಲ್ಲ, ಹೊಸದೂ ಅಲ್ಲ. ನಿಮ್ಮ ಫೋಟೋ, ನಿಮ್ಮ ವಿವರ ಎರಡೂ ಟೆಮೋರಾ ಡಿಸ್‌ಕಾಡಾಟಾ ಎಂಬ ಪ್ರಭೇದದ ಹೆಣ್ಣಿಗೆ ಹೊಂದುತ್ತವೆ. ಬಾಲ ಅಸಮ ಇರುವುದೇ ಅದರ ಗುರುತು. 1889ರಲ್ಲೇ ಅದಕ್ಕೆ ಹೆಸರು ಬಿದ್ದಿದೆ. ಹಿಂದೂ ಮಹಾಸಾಗರದಲ್ಲಿ, ಪೆಸಿಫಿಕ್‌ನಲ್ಲಿ, ಕೆಂಪು ಸಮುದ್ರದಲ್ಲಿ ಎಲ್ಲಾ ಇದು ಸಿಗುತ್ತದೆ. ಕಾರವಾರದ ಹೊರಗೆ ಸಿಕ್ಕಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆ ಒಳ್ಳೆಯ ಪ್ರಶ್ನೆ. ಯಾಕೆಂದರೆ "ನನ್ನ ಬಳಿ ಇರುವ ಚಿತ್ರಕ್ಕೆ ಹೊಂದಲಿಲ್ಲ" ಅನ್ನುವುದಕ್ಕೂ "ಇದು ಹೊಸ ಪ್ರಭೇದ" ಅನ್ನುವುದಕ್ಕೂ ನಡುವೆ ಬಹಳ ದೂರ ಇದೆ. ಆ ದೂರವನ್ನು ಹೇಗೆ ದಾಟುವುದು ಅಂತ ಹೇಳಿಕೊಡುವವರು ಕಡಿಮೆ. ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಫೋಟೋ ನೋಡಿ ಹೇಳಿದ್ದು ಇದು. ಕೆಳಗೆ ಹೇಳುವುದನ್ನು ನೀವೇ ಮೈಕ್ರೋಸ್ಕೋಪಿನಡಿ ನೋಡಿ ಖಾತ್ರಿ ಮಾಡಿಕೊಳ್ಳಿ.

ಮುರಿದದ್ದಾ ಅನ್ನುವ ಅನುಮಾನದಿಂದ ಶುರು ಮಾಡೋಣ. ಮುರಿದ ಜಾಗದಲ್ಲಿ ಚಿಪ್ಪಿನ ಅಂಚು ಹರಿದಂತೆ ಇರುತ್ತದೆ, ತುದಿಯ ರೋಮಗಳು ಇರುವುದಿಲ್ಲ. ನಿಮ್ಮ ಫೋಟೋದಲ್ಲಿ ಗಿಡ್ಡ ಕವಲಿನ ತುದಿಯಲ್ಲೂ ರೋಮಗಳು ಪೂರ್ತಿ ಇವೆ, ಅಂಚು ನುಣ್ಣಗಿದೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಗಟ್ಟಿ. ಅದೇ ಬಾಟಲಿಯಿಂದ ಇದೇ ಥರದ ಹತ್ತಾರು ಹೆಣ್ಣುಗಳನ್ನು ಆರಿಸಿ ಸಾಲಾಗಿ ಇಡಿ. ಮುರಿದಿದ್ದರೆ ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ, ಮತ್ತೊಂದರಲ್ಲಿ ಏನೂ ಇಲ್ಲ ಅಂತ ಇರುತ್ತದೆ. ಎಲ್ಲದರಲ್ಲೂ ಅದೇ ಬದಿ, ಅದೇ ಪ್ರಮಾಣದಲ್ಲಿ ಇದ್ದರೆ ಅದು ಹುಟ್ಟುಗುಣ. ಬಾಲದ ಕವಲು ಹುಟ್ಟುವ ಕೊನೆಯ ಖಂಡವನ್ನೂ ಗಮನಿಸಿ. ಡಿಸ್‌ಕಾಡಾಟಾದಲ್ಲಿ ಆ ಖಂಡವೇ ಒಂದು ಬದಿಗೆ ವಾಲಿದಂತೆ ಇರುತ್ತದೆ. ಕವಲು ಮಾತ್ರ ಮುರಿದಿದ್ದರೆ ಖಂಡ ಯಾಕೆ ವಾಲಬೇಕು?

ಎರಡನೇ ಪ್ರಶ್ನೆ, ಇದು ದೊಡ್ಡದಾಗಿ ಬೆಳೆದದ್ದಾ? ಹೊಸಬರು ಎಡವುವುದು ಜಾಸ್ತಿ ಇಲ್ಲೇ. ಕೋಪಿಪಾಡ್ ಮೊಟ್ಟೆಯಿಂದ ಹೊರಬಂದ ಮೇಲೆ ಸಾಮಾನ್ಯವಾಗಿ 6 ನಾಪ್ಲಿಯಸ್ (ಮರಿ) ಹಂತ ದಾಟುತ್ತದೆ. ಆಮೇಲೆ 5 ಕೋಪಿಪೋಡಿಡ್ (ಎಳೆಯ ಕೋಪಿಪಾಡ್) ಹಂತ. ಆರನೆಯದೇ ಪ್ರೌಢ ಪ್ರಾಣಿ. ಅದಾದ ಮೇಲೆ ಪೊರೆ ಬಿಡುವುದಿಲ್ಲ. ಐದನೇ ಕೋಪಿಪೋಡಿಡ್ ನೋಡಲು ಹೆಚ್ಚುಕಡಿಮೆ ದೊಡ್ಡದರ ಹಾಗೇ ಇರುತ್ತದೆ. ಆದರೆ ಗೆಣ್ಣುಗಳು ಪೂರ್ತಿ ಬೇರೆಯಾಗಿರುವುದಿಲ್ಲ, ಐದನೇ ಕಾಲು ಅರೆಬರೆ ಇರುತ್ತದೆ. ಅದನ್ನು ಹಿಡಿದುಕೊಂಡು ಪುಸ್ತಕದ ಕೀ (ಗುಣ ನೋಡಿ ಹೆಸರು ಹುಡುಕುವ ಪಟ್ಟಿ) ನೋಡಿದರೆ ಯಾವುದಕ್ಕೂ ಹೊಂದುವುದಿಲ್ಲ. ಆಗ "ಹೊಸದು" ಅನ್ನಿಸುತ್ತದೆ. ಗುರುತಿನ ಕೀ ಎಲ್ಲಾ ಬರೆದಿರುವುದು ಪ್ರೌಢ ಪ್ರಾಣಿಗೆ ಮಾತ್ರ.

ಟೆಮೋರಾದಲ್ಲಿ ಇದನ್ನು ನೋಡುವುದು ಸುಲಭ. ದಪ್ಪ ಮುಂಭಾಗಕ್ಕೆ ಪ್ರೋಸೋಮ್ ಅಂತಲೂ ಸಣ್ಣ ಹಿಂಭಾಗಕ್ಕೆ ಯುರೋಸೋಮ್ ಅಂತಲೂ ಹೆಸರು, ನಿಮಗೆ ಗೊತ್ತಿದೆ. ಪ್ರೌಢ ಹೆಣ್ಣಿನ ಯುರೋಸೋಮ್‌ನಲ್ಲಿ 3 ಖಂಡ, ಗಂಡಿನಲ್ಲಿ 5. ಹೆಣ್ಣಿನ ಮೊದಲ ಖಂಡ ಉಬ್ಬಿಕೊಂಡಿರುತ್ತದೆ, ಅದರ ಕೆಳಬದಿಯಲ್ಲಿ ಜನನರಂಧ್ರ ಇರುತ್ತದೆ. ಅದೃಷ್ಟ ಇದ್ದರೆ ಅಲ್ಲೇ ಗಂಡು ಅಂಟಿಸಿ ಹೋದ ವೀರ್ಯದ ಚೀಲವೂ ಕಾಣುತ್ತದೆ. ಮೊಟ್ಟೆ ಚೀಲ ಇಲ್ಲ ಅಂದಿರಲ್ಲ, ಅದು ಸರಿಯೇ. ಟೆಮೋರಾ ಮೊಟ್ಟೆಯನ್ನು ಹೊತ್ತು ತಿರುಗುವುದಿಲ್ಲ, ನೀರಿಗೆ ಬಿಟ್ಟುಬಿಡುತ್ತದೆ. ಚೀಲ ಹೊರುವುದು ನಿಮ್ಮ ಕಾಳಿ ಅಳಿವೆಯಂಥ ಕಡೆ ಸಿಗುವ ಸೂಡೋಡಯಾಪ್ಟೋಮಸ್, ಇಲ್ಲವೇ ಓಯ್ತೋನಾ ಥರದವು. ಗಂಡನ್ನು ಗುರುತಿಸಲು ಮೀಸೆ ನೋಡಿ. ಟೆಮೋರಾ ಗಂಡಿನ ಬಲ ಮೀಸೆ ನಡುವೆ ದಪ್ಪಗಾಗಿ, ಮಡಚುವ ಗೆಣ್ಣು ಇಟ್ಟುಕೊಂಡಿರುತ್ತದೆ. ಹೆಣ್ಣನ್ನು ಹಿಡಿಯುವುದಕ್ಕೆ ಅದು. ಹೆಣ್ಣಿನ ಎರಡೂ ಮೀಸೆ ನೇರ.

ಇನ್ನು ಗುರುತಿಸುವ ಕೆಲಸ. ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯಬೇಕು. ನೇರವಾಗಿ ಪ್ರಭೇದಕ್ಕೆ ಹಾರಬಾರದು. ಮೈ ಎಲ್ಲಿ ಮಡಚುತ್ತದೆ ನೋಡಿ. ಐದನೇ ಕಾಲಿನ ಖಂಡದ ಹಿಂದೆ ಮಡಚಿದರೆ ಕ್ಯಾಲನಾಯ್ಡ್ ಎಂಬ ಗುಂಪು. ಐದನೇ ಕಾಲಿನ ಖಂಡಕ್ಕೆ ಮುಂಚೆಯೇ, ಅಂದರೆ ನಾಲ್ಕನೆಯದರ ಹಿಂದೆ ಮಡಚಿದರೆ ಸೈಕ್ಲೋಪಾಯ್ಡ್ ಅಥವಾ ಹಾರ್ಪಾಕ್ಟಿಕಾಯ್ಡ್ ಕಡೆಯದು. ಇದೊಂದು ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ನಿಮ್ಮದು ಕ್ಯಾಲನಾಯ್ಡ್. ಮೇಲಿನಿಂದ ನೋಡಿದರೆ ಮುಂದೆ ಅಗಲ, ಹಿಂದಕ್ಕೆ ಹೋಗುತ್ತಾ ಸಣ್ಣ, ಬುಗುರಿ ಹಾಗೆ. ಬದಿಯಿಂದ ನೋಡಿದರೆ ಬೆನ್ನು ಸ್ವಲ್ಪ ಗೂನು. ಬಾಲದ ಕವಲು ತೆಳ್ಳಗೆ, ಉದ್ದುದ್ದ. ಇದೆಲ್ಲ ಟೆಮೋರಾ. ನೀವು ಕುಲವನ್ನು ಸರಿಯಾಗೇ ಹಿಡಿದಿದ್ದೀರಿ.

ಈ ಕುಲದಲ್ಲಿ ಇರುವುದೇ ಬೆರಳೆಣಿಕೆಯ ಪ್ರಭೇದಗಳು. ನಮ್ಮ ಕಡೆ ನೀರಿನಲ್ಲಿ ಲೆಕ್ಕಕ್ಕೆ ಬರುವುದು ಮೂರು: ಟರ್ಬಿನಾಟಾ, ಸ್ಟೈಲಿಫೆರಾ, ಡಿಸ್‌ಕಾಡಾಟಾ. ಹೆಣ್ಣುಗಳನ್ನು ಬೇರೆ ಮಾಡಲು ಎರಡೇ ಜಾಗ ನೋಡಿದರೆ ಸಾಕು. ಪ್ರೋಸೋಮ್‌ನ ಹಿಂದಿನ ಎರಡು ಮೂಲೆ ದುಂಡಗಿದ್ದರೆ ಟರ್ಬಿನಾಟಾ. ಮೂಲೆ ಮುಳ್ಳಿನ ಹಾಗೆ ಚೂಪಾಗಿದ್ದರೆ ಉಳಿದ ಎರಡರಲ್ಲಿ ಒಂದು. ಚೂಪು ಮೂಲೆ ಇದ್ದು ಬಾಲ ಸಮ ಇದ್ದರೆ ಸ್ಟೈಲಿಫೆರಾ, ಬಾಲ ಅಸಮ ಇದ್ದರೆ ಡಿಸ್‌ಕಾಡಾಟಾ. ನೀವು ಬಾಲ ನೋಡಿದಿರಿ, ಮೂಲೆ ನೋಡಲಿಲ್ಲ. ಒಂದು ವಿಚಿತ್ರ ಗುಣ ಕಣ್ಣಿಗೆ ಬಿದ್ದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ, ಅಲ್ವಾ? ನಿಮ್ಮ ಎರಡನೇ ಫೋಟೋ ಹಿಗ್ಗಿಸಿ ನೋಡಿ. ಎಡಬದಿಯ ಮೂಲೆ ಸ್ಪಷ್ಟವಾಗಿ ಚೂಪಾಗಿದೆ. ಬಲಬದಿ ಫೋಕಸ್‌ನಿಂದ ಆಚೆ ಹೋಗಿದೆ. ನಿಮ್ಮ ಲ್ಯಾಬಿನ ಚಿತ್ರಗಳು ಬಹುಶಃ ಟರ್ಬಿನಾಟಾದವು. ನಮ್ಮ ಕರಾವಳಿಯಲ್ಲಿ ದಡದ ಹತ್ತಿರ ಜಾಸ್ತಿ ಸಿಗುವುದು ಅದೇ. ಹಾಗಾಗಿ ಗೋಡೆಯ ಮೇಲಿನ ಚಾರ್ಟಿಗೂ ಅದೇ ಏರುತ್ತದೆ.

ಎಡ ಬಲದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಸಮ ಪ್ರಾಣಿಯನ್ನು ವಿವರಿಸುವಾಗ ಯಾವ ಬದಿ ಅನ್ನುವುದೇ ಮುಖ್ಯ. ಎಷ್ಟೋ ಬರಹಗಳಲ್ಲಿ ಅದೇ ತಪ್ಪಿರುತ್ತದೆ. ಕಾಂಪೌಂಡ್ ಮೈಕ್ರೋಸ್ಕೋಪಿನಲ್ಲಿ ಬಿಂಬ ತಲೆಕೆಳಗಾಗಿ ಕಾಣುತ್ತದೆ, ಅದರಿಂದ ತೊಂದರೆ ಇಲ್ಲ. ತಲೆ ಬಾಲ ಕೂಡ ಅದಲುಬದಲು ಆಗುವುದರಿಂದ ಪ್ರಾಣಿಯ ಎಡ ಎಡವಾಗೇ, ಬಲ ಬಲವಾಗೇ ಉಳಿಯುತ್ತದೆ. ಕೆಡುವುದು ಬೇರೆ ಎರಡು ಕಡೆ. ಒಂದು, ಪ್ರಾಣಿ ಅಂಗಾತ ಬಿದ್ದಿದ್ದನ್ನು ಗಮನಿಸದೆ ಬೆನ್ನು ಅಂದುಕೊಂಡಾಗ. ಇನ್ನೊಂದು, ಕ್ಯಾಮೆರಾದ ಸಾಫ್ಟ್‌ವೇರ್ ಸದ್ದಿಲ್ಲದೆ ಚಿತ್ರವನ್ನು ಕನ್ನಡಿಬಿಂಬ ಮಾಡಿದಾಗ. ಎರಡಕ್ಕೂ ಸುಲಭ ಪರೀಕ್ಷೆ ಇದೆ. ಅದೇ ಬಾಟಲಿಯ ಗಂಡು ಟೆಮೋರಾ ಒಂದನ್ನು ಬೆನ್ನು ಮೇಲಾಗಿ ಇಟ್ಟು ಅದೇ ಕ್ಯಾಮೆರಾದಲ್ಲಿ ತೆಗೆಯಿರಿ. ಮಡಚುವ ಮೀಸೆ ಬಲಗಡೆ ಬರಬೇಕು. ಎಡಗಡೆ ಬಂದರೆ ನಿಮ್ಮ ಕ್ಯಾಮೆರಾ ಸುಳ್ಳು ಹೇಳುತ್ತಿದೆ.

ಈಗ ಬಿಡಿಸುವ ಕೆಲಸಕ್ಕೆ ಬರೋಣ. ಕೋಪಿಪಾಡ್ ಗುರುತಿಸುವುದರಲ್ಲಿ ನಿಜವಾದ ಸಾಕ್ಷಿ ಐದನೇ ಜೋಡಿ ಕಾಲು. ಹೊರಗಿನಿಂದ ನೋಡಿ ಊಹಿಸಬಹುದು, ಖಾತ್ರಿ ಆಗುವುದು ಅದನ್ನು ಬಿಡಿಸಿ ನೋಡಿದ ಮೇಲೇ. ಮೊದಲ ನಾಲ್ಕು ಜೋಡಿ ಈಜುವುದಕ್ಕೆ, ಅವು ಒಂದು ಕುಲದೊಳಗೆ ಹೆಚ್ಚು ಬದಲಾಗುವುದಿಲ್ಲ. ಐದನೆಯದು ಗಂಡಿನಲ್ಲಿ ಕೂಡುವ ಹೊತ್ತಿಗೆ ಬೇಕಾದದ್ದು, ಆದ್ದರಿಂದ ಪ್ರಭೇದದಿಂದ ಪ್ರಭೇದಕ್ಕೆ ಅದರ ಆಕಾರ ಬೇರೆಯಾಗುತ್ತದೆ. ಟೆಮೋರಾ ಹೆಣ್ಣಿನ ಐದನೇ ಕಾಲು ಚಿಕ್ಕದು. ಒಂದೇ ಕವಲು, ಮೂರು ಗೆಣ್ಣು, ತುದಿಯಲ್ಲಿ ಮುಳ್ಳು. ಎರಡು ಬದಿಯೂ ಒಂದೇ ಥರ. ಗಂಡಿನದು ಹಾಗಲ್ಲ. ಎಡಗಾಲು ಇಕ್ಕುಳದ ಹಾಗೆ ಹಿಡಿಯುವಂತಿರುತ್ತದೆ, ಬಲಗಾಲು ಕೊಕ್ಕೆಯ ಹಾಗೆ ಬಾಗಿರುತ್ತದೆ. ಆ ಇಕ್ಕುಳದ ಎರಡು ದವಡೆಯ ಉದ್ದ, ಬಾಗು, ಒಳ ಅಂಚು ಇವನ್ನು ಮೂರೂ ಪ್ರಭೇದದ ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ.

ಬಿಡಿಸುವ ವಿಧಾನ ಹೀಗೆ. ಫಾರ್ಮಲಿನ್‌ನಿಂದ ತೆಗೆದ ಪ್ರಾಣಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಫಾರ್ಮಲಿನ್ ಹೊಗೆಯ ಮೇಲೆ ಗಂಟೆಗಟ್ಟಲೆ ಬಾಗಿ ಕೂರುವುದು ಕಣ್ಣಿಗೂ ಒಳ್ಳೆಯದಲ್ಲ, ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಆಮೇಲೆ ಗುಳಿ ಇರುವ ಸ್ಲೈಡಿನಲ್ಲಿ ಒಂದು ಹನಿ ಲ್ಯಾಕ್ಟಿಕ್ ಆಸಿಡ್ ಹಾಕಿ ಅದರಲ್ಲಿ ಬಿಡಿ. ಸ್ವಲ್ಪ ಹೊತ್ತಿಗೆ ಒಳಗಿನ ಮಾಂಸ ತಿಳಿಯಾಗಿ ಚಿಪ್ಪು, ಗೆಣ್ಣು, ಮುಳ್ಳು ಎದ್ದು ಕಾಣುತ್ತವೆ. ಲ್ಯಾಕ್ಟಿಕ್ ಆಸಿಡ್ ಇಲ್ಲದಿದ್ದರೆ ಗ್ಲಿಸರಿನ್ ನಡೆಯುತ್ತದೆ. ಹನಿ ಮಂದ ಇರುವುದರಿಂದ ತುಂಡುಗಳು ತೇಲಿ ಓಡಿಹೋಗುವುದಿಲ್ಲ, ಅದೇ ದೊಡ್ಡ ಅನುಕೂಲ. ಕಣ್ಣು ಕಳೆದುಕೊಂಡ ಹಾಗೆ ಒಂದು ಕಾಲನ್ನು ಸ್ಲೈಡೆಲ್ಲಾ ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಎರಡು ಸೂಜಿ ಬೇಕು. ಟಂಗ್‌ಸ್ಟನ್ ತಂತಿಯನ್ನು ಕರೆಂಟ್ ಕೊಟ್ಟು ಚೂಪು ಮಾಡಿದ ಸೂಜಿ ಶ್ರೇಷ್ಠ. ಇಲ್ಲದಿದ್ದರೆ ಕೀಟ ಸಂಗ್ರಹಕ್ಕೆ ಬಳಸುವ ಅತಿ ಸಣ್ಣ ಪಿನ್ನನ್ನು ಕಡ್ಡಿಗೆ ಅಂಟಿಸಿಕೊಳ್ಳಿ. ಒಂದು ಸೂಜಿಯಿಂದ ಪ್ರಾಣಿಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಮಡಚುವ ಜಾಗದಲ್ಲಿ ಯುರೋಸೋಮ್ ಬೇರೆ ಮಾಡಿ. ಆಮೇಲೆ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಐದನೇ ಜೋಡಿ, ಆಮೇಲೆ ನಾಲ್ಕು, ಮೂರು, ಹೀಗೆ. ಕಾಲುಗಳನ್ನು ಒಂಟಿ ಒಂಟಿಯಾಗಿ ಕೀಳಬೇಡಿ. ಎಡ ಬಲ ಎರಡೂ ಕಾಲನ್ನು ಬುಡದಲ್ಲಿ ಒಂದು ಗಟ್ಟಿ ಪಟ್ಟಿ ಸೇರಿಸಿರುತ್ತದೆ. ಅದರಿಂದಲೇ ಜೋಡಿ ಕಾಲು ಒಟ್ಟಿಗೆ ಬೀಸುವುದು. ಜೋಡಿಯಾಗೇ ತೆಗೆದರೆ ಎಡ ಯಾವುದು ಬಲ ಯಾವುದು ಅನ್ನುವ ಗೊಂದಲ ಆಮೇಲೆ ಬರುವುದಿಲ್ಲ. ಕವರ್‌ಸ್ಲಿಪ್ ಇಡುವಾಗ ಕೆಳಗೆ ಒಡೆದ ಕವರ್‌ಸ್ಲಿಪ್‌ನ ಚೂರುಗಳನ್ನು ಆಧಾರ ಕೊಡಿ. ಇಲ್ಲದಿದ್ದರೆ ಕಾಲು ಅಪ್ಪಚ್ಚಿ ಆಗಿ, ಇಲ್ಲದ ಆಕಾರ ಬರುತ್ತದೆ. ಅಂಚಿಗೆ ನೈಲ್ ಪಾಲಿಶ್ ಬಳಿದರೆ ಒಣಗುವುದಿಲ್ಲ.

ಬಿಡಿಸದೆ ಇಡೀ ಪ್ರಾಣಿಯನ್ನು ನೋಡಬೇಕು ಅಂದರೆ ಹ್ಯೂಮ್ಸ್ ಮತ್ತು ಗುಡಿಂಗ್ 1964ರಲ್ಲಿ ತಿಳಿಸಿದ ಮರದ ಸ್ಲೈಡ್ ಇದೆ. ತೂತು ಕೊರೆದ ಮರದ ತುಂಡಿಗೆ ಕವರ್‌ಸ್ಲಿಪ್ ಅಂಟಿಸಿ, ಅದರಡಿ ಲ್ಯಾಕ್ಟಿಕ್ ಆಸಿಡ್ ಹನಿಯಲ್ಲಿ ಪ್ರಾಣಿಯನ್ನು ತೂಗಿಬಿಡುವುದು. ಸ್ಲೈಡ್ ತಿರುಗಿಸಿದರೆ ಸೂಜಿ ಹಾಕಬಹುದು, ಮತ್ತೆ ತಿರುಗಿಸಿದರೆ ಹೆಚ್ಚಿನ ಪವರ್‌ನಲ್ಲಿ ನೋಡಬಹುದು. ಊರಿನ ಬಡಗಿ ಮಾಡಿಕೊಡುತ್ತಾನೆ. ದುಬಾರಿ ಉಪಕರಣ ಇಲ್ಲ ಅಂತ ಯಾರೂ ಕೈಕಟ್ಟಿ ಕೂರಬೇಕಾಗಿಲ್ಲ.

ಸರಿ, ಇಷ್ಟೆಲ್ಲ ನೋಡಿದಿರಿ, ಆದರೂ ಹೊಂದಲಿಲ್ಲ ಅನ್ನಿ. ಆಗ ಹೊಸದಾ? ಇನ್ನೂ ಇಲ್ಲ. ಹಳೆಯದೆಲ್ಲ ನೋಡಿದ್ದೀರಾ ಅನ್ನುವುದು ಮುಂದಿನ ಪ್ರಶ್ನೆ. ಟೆಮೋರಾವನ್ನೇ ತೆಗೆದುಕೊಳ್ಳಿ. ಟರ್ಬಿನಾಟಾ ಮತ್ತು ಸ್ಟೈಲಿಫೆರಾ ಎರಡನ್ನೂ ವಿವರಿಸಿದವರು ಅಮೆರಿಕದ ಜೇಮ್ಸ್ ಡ್ವೈಟ್ ಡಾನಾ, 1849ರಲ್ಲಿ. 1838ರಿಂದ 1842ರವರೆಗೆ ನಡೆದ ಅಮೆರಿಕದ ನೌಕಾ ಅನ್ವೇಷಣಾ ಯಾನದಲ್ಲಿ ಅವರು ಹೋಗಿದ್ದರು. ವಿವರಣೆ ಲ್ಯಾಟಿನ್‌ನಲ್ಲಿ, ಕೆಲವೇ ಸಾಲು. ಚಿತ್ರಗಳು ಬಂದದ್ದು ಆಮೇಲೆ. ಅವರ ಸಂಗ್ರಹದ ಸಿಗಡಿ ಏಡಿ ವರ್ಗದ ಪ್ರಾಣಿಗಳಲ್ಲಿ ಬಹಳಷ್ಟು 1871ರ ಶಿಕಾಗೋ ಬೆಂಕಿಯಲ್ಲಿ ಸುಟ್ಟುಹೋದವು. ನಿಮ್ಮ ಡಿಸ್‌ಕಾಡಾಟಾ ಬಂದದ್ದು ವಿಲ್ಹೆಲ್ಮ್ ಗೀಸ್‌ಬ್ರೆಕ್ಟ್ ಅವರಿಂದ. ನೇಪಲ್ಸ್‌ನ ಪ್ರಾಣಿಶಾಸ್ತ್ರ ಕೇಂದ್ರದಲ್ಲಿ ಕೂತು ಕೆಲಸ ಮಾಡಿದವರು. ಇಟಲಿಯ ವೆಟ್ಟರ್ ಪಿಸಾನಿ ಎಂಬ ಹಡಗು 1882ರಿಂದ 1885ರವರೆಗೆ ಲೋಕ ಸುತ್ತಿ ತಂದ ಪ್ಲಾಂಕ್ಟನ್ ಅವರ ಕೈಗೆ ಬಂತು. 1892ರಲ್ಲಿ ಅವರ ದೊಡ್ಡ ಗ್ರಂಥ ಬಂತು, 54 ಚಿತ್ರಫಲಕಗಳ ಜೊತೆ. ಆ ಚಿತ್ರಗಳನ್ನು ಇವತ್ತಿಗೂ ಮೀರಿಸುವುದು ಕಷ್ಟ. ಉಚಿತವಾಗಿ ಆನ್‌ಲೈನ್‌ನಲ್ಲಿ ಸಿಗುತ್ತವೆ, ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಹುಡುಕಿ.

ನಮ್ಮ ಸಮುದ್ರಕ್ಕೆ ಬಂದರೆ, ಸಿಲೋನಿನ ಮುತ್ತಿನ ಚಿಪ್ಪಿನ ಸಮೀಕ್ಷೆಯಲ್ಲಿ ಸಿಕ್ಕ ಕೋಪಿಪಾಡ್‌ಗಳ ಬಗ್ಗೆ ಥಾಂಪ್ಸನ್ ಮತ್ತು ಸ್ಕಾಟ್ 1903ರಲ್ಲಿ ಬರೆದರು. ಆಮೇಲೆ ಸೆಮೂರ್ ಸೆವೆಲ್. ವೈದ್ಯರಾಗಿ ಭಾರತಕ್ಕೆ ಬಂದು, ಝೂಲಾಜಿಕಲ್ ಸರ್ವೆ ಆಫ್ ಇಂಡಿಯಾದ ನಿರ್ದೇಶಕರಾದವರು. ಭಾರತದ ಸಮುದ್ರಗಳ ಕ್ಯಾಲನಾಯ್ಡ್‌ಗಳ ಮೇಲೆ 1929 ಮತ್ತು 1932ರಲ್ಲಿ ಅವರು ಬರೆದದ್ದನ್ನು ನೋಡದೆ ಯಾರೂ ಮುಂದೆ ಹೋಗಬಾರದು. 1963ರಲ್ಲಿ ಎಲ್. ಆರ್. ಕಸ್ತೂರಿರಂಗನ್ ನಮ್ಮ ಕರಾವಳಿಯ ಸಾಮಾನ್ಯ ಕೋಪಿಪಾಡ್‌ಗಳಿಗೆ ಒಂದು ಕೀ ಮಾಡಿಕೊಟ್ಟರು. ಹಳೆಯದಾದರೂ ಶುರು ಮಾಡಲು ಅದೇ ಒಳ್ಳೆಯದು. ಆದರೆ ಅದರಲ್ಲಿರುವುದು ಸಾಮಾನ್ಯವಾದವು ಮಾತ್ರ, ನೆನಪಿರಲಿ. ಅದರಲ್ಲಿ ಇಲ್ಲ ಅಂದರೆ ಲೋಕದಲ್ಲೇ ಇಲ್ಲ ಅಂತ ಅಲ್ಲ. ಕೊನೆಗೆ ವರ್ಲ್ಡ್ ಆಫ್ ಕೋಪಿಪಾಡ್ಸ್ ಎಂಬ ಡೇಟಾಬೇಸ್‌ನಲ್ಲಿ ಆ ಕುಲದ ಪೂರ್ತಿ ಪಟ್ಟಿ ತೆಗೆದು, ಒಂದೊಂದನ್ನೂ ಯಾಕೆ ಅಲ್ಲ ಅಂತ ಹೇಳುವಂತಾಗಬೇಕು. ಕೈಬಿಟ್ಟು ಹೋದ ಹಳೆಯ ಹೆಸರುಗಳನ್ನೂ ಸೇರಿಸಿ.

ಹಾಗಂತ ಹೊಸದು ಸಿಗುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಅವು ಅಡಗಿರುವುದು ವಿಚಿತ್ರವಾಗಿ ಕಾಣುವವುಗಳಲ್ಲಿ ಅಲ್ಲ. ಎಲ್ಲರೂ ಗೊತ್ತು ಅಂದುಕೊಂಡ ಮಾಮೂಲಿಗಳಲ್ಲಿ. ಅಕಾರ್ಷಿಯಾ ಕ್ಲಾಸಿ ಎಂಬ ಕೋಪಿಪಾಡನ್ನು ಗೀಸ್‌ಬ್ರೆಕ್ಟ್ 1889ರಲ್ಲಿ ವಿವರಿಸಿದರು. ಆಮೇಲೆ ಅಟ್ಲಾಂಟಿಕ್, ಪೆಸಿಫಿಕ್ ಎಲ್ಲಾ ಕಡೆಯಿಂದ ಅದೇ ಹೆಸರಿನಲ್ಲಿ ವರದಿ ಬಂದವು. 1976ರಲ್ಲಿ ನ್ಯೂಜಿಲೆಂಡಿನ ಜ್ಯಾನೆಟ್ ಬ್ರಾಡ್‌ಫರ್ಡ್ ಬೇರೆ ಬೇರೆ ಕಡೆಯ ಪ್ರಾಣಿಗಳನ್ನು ಒಟ್ಟಿಗೆ ಇಟ್ಟು ಸಣ್ಣ ಮುಳ್ಳು, ಐದನೇ ಕಾಲು ಎಲ್ಲ ಹೋಲಿಸಿದರು. ಜಪಾನಿನ ಕಡೆಯದು ಅಕಾರ್ಷಿಯಾ ಒಮೋರಿ ಎಂಬ ಬೇರೆ ಪ್ರಭೇದ ಅಂತ ಗೊತ್ತಾಯಿತು. ಅಷ್ಟು ವರ್ಷ ಅದು ಎಲ್ಲರ ಬಾಟಲಿಯಲ್ಲೇ ಇತ್ತು.

ಕೆಲವೊಮ್ಮೆ ಕಣ್ಣೂ ಸಾಲದು. ಉತ್ತರದ ಸಮುದ್ರಗಳಲ್ಲಿ ಕ್ಯಾಲನಸ್ ಫಿನ್‌ಮಾರ್ಕಿಕಸ್ ಮತ್ತು ಕ್ಯಾಲನಸ್ ಗ್ಲೇಸಿಯಾಲಿಸ್ ಎಂಬ ಎರಡು ಕೋಪಿಪಾಡ್ ಇವೆ. ಅಳತೆ ನೋಡಿ ಬೇರೆ ಮಾಡುವುದು ರೂಢಿಯಾಗಿತ್ತು. ಮೀಸೆಯ ಕೆಂಪು ಬಣ್ಣ ನೋಡಿ ಹೇಳಬಹುದು ಅಂತಲೂ ಒಂದು ಸಲಹೆ ಬಂತು. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಡಿಎನ್‌ಎ ಹಿಡಿದು ಪರೀಕ್ಷೆ ಮಾಡಿದಾಗ ಅಳತೆಯೂ ಬಣ್ಣವೂ ನಂಬುವಂಥದ್ದಲ್ಲ ಅಂತ ಆಯಿತು. ನೂರಾರು ಸಂಶೋಧಕರು ಮುತುವರ್ಜಿಯಿಂದ ನೋಡುವ ಪ್ರಾಣಿಗಳ ಕಥೆ ಇದು. ನಮ್ಮ ಅಳಿವೆಗಳ ಸಣ್ಣಪುಟ್ಟ ಅಕಾರ್ಷಿಯಾಗಳ ಪಾಡು ಇನ್ನೇನು!

ಅದಕ್ಕೇ ಮುಂದಿನ ಸಲ ಬಲೆ ಎಳೆದಾಗ ಮಾಲನ್ನು ಎರಡು ಬಾಟಲಿಗೆ ಹಂಚಿ. ಒಂದಕ್ಕೆ ಬೋರಾಕ್ಸ್ ಬೆರೆಸಿದ ಫಾರ್ಮಲಿನ್. ಇನ್ನೊಂದಕ್ಕೆ 95 ಪರ್ಸೆಂಟ್ ಎಥನಾಲ್, ಅದನ್ನು ಮಾರನೇ ದಿನ ಒಂದು ಸಲ ಬದಲಾಯಿಸಿ ತಣ್ಣಗೆ ಇಡಿ. ಫಾರ್ಮಲಿನ್‌ನಲ್ಲಿ ಆಕಾರ ಚೆನ್ನಾಗಿ ಉಳಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಡಿಎನ್‌ಎಗೆ ಸಾಮಾನ್ಯವಾಗಿ ನೋಡುವುದು ಸಿಒಐ ಎಂಬ ಜೀನ್, ಪ್ರಭೇದ ಗುರುತಿಸಲು ಬಳಸುವಂಥದ್ದು. ಎಲ್ಲರೂ ಬಳಸುವ 1994ರ ಫೋಲ್ಮರ್ ಪ್ರೈಮರ್ (ಆ ಜೀನ್ ನಕಲು ಮಾಡಲು ಬೇಕಾದ ಡಿಎನ್‌ಎ ಚೂರು) ಕೋಪಿಪಾಡ್‌ಗಳಲ್ಲಿ ಕೈಕೊಡುವುದು ಮಾಮೂಲು, ಹೆದರಬೇಡಿ, ಬೇರೆ ಪ್ರೈಮರ್ ಇವೆ. ಡಿಎನ್‌ಎ ತೆಗೆದ ಮೇಲೂ ಚಿಪ್ಪನ್ನು ಉಳಿಸಿಕೊಳ್ಳುವ ವಿಧಾನಗಳಿವೆ, ಅದನ್ನೇ ಬಳಸಿ. ಮತ್ತೆ, ಜೀನ್‌ಬ್ಯಾಂಕ್ ಎಂಬ ಡಿಎನ್‌ಎ ಡೇಟಾಬೇಸ್‌ನಲ್ಲಿ ಒಂದು ಹೆಸರಿಗೆ ಹೊಂದಿತು ಅಂದಾಕ್ಷಣ ಅದೇ ಪ್ರಭೇದ ಅಂತ ಬರೆಯಬೇಡಿ. ಅಲ್ಲಿ ಹೆಸರು ಹಾಕಿದವರೂ ನಮ್ಮ ಥರ ಮನುಷ್ಯರೇ.

ಬಲೆಯ ಬಗ್ಗೆಯೂ ಒಂದು ಮಾತು. 200 ಮೈಕ್ರಾನ್ ಕಣ್ಣಿನ ಬಲೆ ಟೆಮೋರಾಗೆ ಸರಿ. ಓಯ್ತೋನಾ, ಒಂಕಿಯಾ ಥರದ ಪುಟ್ಟವು ಅದರಿಂದ ನುಸುಳಿಹೋಗುತ್ತವೆ. ನಿಮ್ಮ ಪ್ರಾಜೆಕ್ಟಿನಲ್ಲಿ ಯಾವ ಪ್ರಭೇದ ಎಷ್ಟು ಅಂತ ಲೆಕ್ಕ ಹಾಕುವುದಿದ್ದರೆ ಇದನ್ನು ಬರೆಯದೆ ಬಿಡಬೇಡಿ.

ಈಗ ನಿಜಕ್ಕೂ ಹೊಸದು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ವಿವರಣೆ ಬರೆಯುವುದು ಹೇಗೆ? ಒಂದೇ ಒಂದು ಪ್ರಾಣಿ ಇಟ್ಟುಕೊಂಡು ಬರೆಯಬೇಡಿ. ಹೆಣ್ಣೂ ಬೇಕು, ಗಂಡೂ ಬೇಕು, ಒಂದಷ್ಟು ಸಂಖ್ಯೆಯೂ ಬೇಕು. ಇಲ್ಲದಿದ್ದರೆ ಒಂದರ ವಿಕಾರವನ್ನೇ ಪ್ರಭೇದದ ಗುಣ ಮಾಡಿಬಿಡುತ್ತೀರಿ. ಅದರಲ್ಲಿ ಒಂದನ್ನು, ಸಾಮಾನ್ಯವಾಗಿ ಪ್ರೌಢ ಹೆಣ್ಣನ್ನು, ಹೋಲೋಟೈಪ್ ಎಂದು ಗೊತ್ತು ಮಾಡಬೇಕು. ಹೆಸರು ಅಂಟಿಕೊಂಡಿರುವುದು ಆ ಒಂದು ಪ್ರಾಣಿಗೆ. ಸಾಧ್ಯವಾದರೆ ಅದನ್ನು ಬಿಡಿಸದೆ ಇಡಿ, ಬಿಡಿಸಲು ಪ್ಯಾರಾಟೈಪ್‌ಗಳನ್ನು (ವಿವರಣೆಗೆ ಬಳಸಿದ ಉಳಿದ ಮಾದರಿಗಳನ್ನು) ಬಳಸಿ.

ಚಿತ್ರ ಬರೆಯಬೇಕು. ಫೋಟೋ ಸಾಲದು. ಫೋಟೋದಲ್ಲಿ ಒಂದು ಪದರ ಮಾತ್ರ ಫೋಕಸ್ ಆಗುತ್ತದೆ, ನಿಮ್ಮ ಎರಡನೇ ಫೋಟೋದಲ್ಲಿ ಬಲ ಮೂಲೆ ಮಾಯವಾದದ್ದು ಹಾಗೇ. ಕ್ಯಾಮೆರಾ ಲೂಸಿಡಾ (ಬಿಂಬವನ್ನು ಕಾಗದದ ಮೇಲೆ ಬಿದ್ದಂತೆ ತೋರಿಸುವ ಸಾಧನ) ಹಾಕಿ ಗೆರೆ ಎಳೆಯುವಾಗ ಫೋಕಸ್ ಮೇಲೆ ಕೆಳಗೆ ಮಾಡುತ್ತಾ ಪ್ರತಿ ಮುಳ್ಳು ಎಲ್ಲಿ ಹುಟ್ಟುತ್ತದೆ ಅಂತ ನೋಡಲೇಬೇಕಾಗುತ್ತದೆ. ಚಿತ್ರ ಬರೆಯುವುದು ನಿಜವಾಗಿ ನೋಡುವ ವಿಧಾನ. ಇಡೀ ಪ್ರಾಣಿ ಬೆನ್ನಿನಿಂದ, ಬದಿಯಿಂದ, ಮೀಸೆ, ಬಾಯಿಯ ಅಂಗಗಳು, ಐದೂ ಜೋಡಿ ಕಾಲು, ಬಾಲ. ಪ್ರತಿಯೊಂದರ ಪಕ್ಕ ಅಳತೆಯ ಗೆರೆ. ಕಾಲುಗಳ ಮುಳ್ಳು ರೋಮಗಳಿಗೆ ಒಂದು ಕೋಷ್ಟಕ ಮಾಡುವುದು ಪದ್ಧತಿ. ಮುಳ್ಳನ್ನು ರೋಮನ್ ಅಂಕಿಯಲ್ಲಿ, ರೋಮವನ್ನು ಮಾಮೂಲಿ ಅಂಕಿಯಲ್ಲಿ, ಹೊರಬದಿಯಿಂದ ಒಳಬದಿಗೆ ಬರೆಯುತ್ತಾರೆ.

ಪದಗಳಲ್ಲಿ ಲೆಕ್ಕ ಇರಲಿ. "ಐದನೇ ಕಾಲು ಚಿಕ್ಕದು, ತುದಿಯಲ್ಲಿ ಕೆಲವು ಮುಳ್ಳುಗಳಿವೆ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಎಷ್ಟು ಗೆಣ್ಣು, ಕೊನೆಯ ಗೆಣ್ಣಿನ ಉದ್ದ ಅಗಲದ ಎಷ್ಟು ಪಟ್ಟು, ಎಷ್ಟು ಮುಳ್ಳು, ಯಾವುದು ಉದ್ದ, ಅದರ ಅಂಚು ನುಣುಪೋ ಗರಗಸವೋ, ಇಷ್ಟು ಬರೆಯಿರಿ. ಆಮೇಲೆ ಬರುವ ಹೋಲಿಕೆಯ ಭಾಗವೇ ಇಡೀ ಲೇಖನದ ಜೀವ. ಹತ್ತಿರದ ಪ್ರಭೇದಗಳನ್ನು ಒಂದೊಂದಾಗಿ ಹೆಸರಿಸಿ, ನಿಮ್ಮದು ಯಾವ ಯಾವ ಗುಣದಲ್ಲಿ ಬೇರೆ ಅಂತ ಹೇಳಬೇಕು. ಈ ಭಾಗ ಅರ್ಧ ಪುಟದಲ್ಲಿ ಮುಗಿದಿದ್ದರೆ ನಾನಂತೂ ಅನುಮಾನ ಪಡುತ್ತೇನೆ.

ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರಾಣಿಗಳ ಹೆಸರಿಗೆ ಅಂತಾರಾಷ್ಟ್ರೀಯ ಸಂಹಿತೆ ಇದೆ. 2000ದಿಂದ ಈಚೆಗೆ ಹೋಲೋಟೈಪ್ ಯಾವುದು, ಎಲ್ಲಿ ಇಟ್ಟಿದ್ದೀರಿ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಹೆಸರು ಊರ್ಜಿತ ಆಗುವುದಿಲ್ಲ. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಬರುವುದಾದರೆ ಝೂಬ್ಯಾಂಕ್ ಎಂಬ ಪ್ರಾಣಿಹೆಸರುಗಳ ನೋಂದಣಿ ತಾಣದಲ್ಲಿ ಮೊದಲೇ ನೋಂದಾಯಿಸಬೇಕು. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದ ಕಂಡುಹಿಡಿದವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಕೋಲ್ಕತ್ತದ ಝೂಲಾಜಿಕಲ್ ಸರ್ವೆ ಒಂದು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇನ್ನೊಂದು, ನಿಮಗೆ ಅದೇ ಹತ್ತಿರ. ಪ್ರಭೇದಕ್ಕೆ ತಮ್ಮದೇ ಹೆಸರು ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ಮಾನದ ಅಡ್ಡಿ ಇದೆ.

ಮೂರು ಟೆಮೋರಾ, ಯಾವುದಾದರೇನು ಅಂತ ನಿಮ್ಮ ಗೆಳೆಯರು ಕೇಳಬಹುದು. ಬ್ರೆಜಿಲ್‌ನ ಕಥೆ ಹೇಳಿ. ಅಲ್ಲಿನ ಕರಾವಳಿಯಲ್ಲಿ ಮೊದಲು ಜಾಸ್ತಿ ಇದ್ದದ್ದು ಸ್ಟೈಲಿಫೆರಾ. 1980ರ ದಶಕದಲ್ಲಿ ಟರ್ಬಿನಾಟಾ ಕಾಣಿಸಿಕೊಂಡಿತು, ಕೆಲವು ಕಡೆ ಸ್ಟೈಲಿಫೆರಾವನ್ನು ಹಿಂದೆ ಹಾಕಿತು. ಹಡಗುಗಳು ಸಮತೋಲಕ್ಕೆ ತುಂಬಿಕೊಂಡು ಬರುವ ಬ್ಯಾಲಸ್ಟ್ ನೀರಿನಲ್ಲಿ ಬಂದಿರಬೇಕು ಅನ್ನುವ ಗುಮಾನಿ ಇದೆ. ಅಲ್ಲಿಯವರು ಮೊದಲಿನಿಂದ "ಟೆಮೋರಾ ಜಾತಿ" ಅಂತಷ್ಟೇ ಬರೆದಿಟ್ಟಿದ್ದರೆ ಈ ಬದಲಾವಣೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಕಾರವಾರದಲ್ಲೂ ಬಂದರಿದೆ, ಹಡಗು ಬರುತ್ತವೆ. ನಮ್ಮ ಬಂಗುಡೆಯ ಹೊಟ್ಟೆ ಸೀಳಿ ನೋಡಿದರೂ ಕೋಪಿಪಾಡ್‌ಗಳೇ ಸಿಗುತ್ತವೆ.

ಈಗ ನೀವು ಮಾಡಬೇಕಾದದ್ದು. ಅದೇ ಬಾಟಲಿಯಿಂದ ಚೆನ್ನಾಗಿರುವ ಕೆಲವು ಹೆಣ್ಣು, ಕೆಲವು ಗಂಡು ಆರಿಸಿ ಬೇರೆ ಸೀಸೆಯಲ್ಲಿಡಿ. ಮೂಲೆ ಚೂಪಾಗಿದೆಯಾ ನೋಡಿ. ಗಂಡಿನ ಐದನೇ ಕಾಲು ಬಿಡಿಸಿ ಗೀಸ್‌ಬ್ರೆಕ್ಟ್ ಚಿತ್ರದ ಪಕ್ಕ ಇಡಿ. ಹೊಂದಿದರೆ ಲೇಬಲ್ ಬರೆಯಿರಿ: ಸ್ಥಳ, ಅಕ್ಷಾಂಶ ರೇಖಾಂಶ, ತಾರೀಖು, ಆಳ, ಬಲೆಯ ಕಣ್ಣು, ಹಿಡಿದವರು, ಗುರುತಿಸಿದವರು. ಲೇಬಲ್ ಸೀಸೆಯ ಒಳಗೂ ಒಂದು ಇರಲಿ, ಪೆನ್ಸಿಲ್‌ನಲ್ಲಿ. ಬಾಲ್‌ಪೆನ್ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ. ಹೆಸರನ್ನು ಟೆಮೋರಾ ಡಿಸ್‌ಕಾಡಾಟಾ ಗೀಸ್‌ಬ್ರೆಕ್ಟ್, 1889 ಅಂತ ಬರೆಯಿರಿ, ಕಂಸ ಬೇಡ. ಗೀಸ್‌ಬ್ರೆಕ್ಟ್ ಮೊದಲಿಗೇ ಇದನ್ನು ಟೆಮೋರಾದಲ್ಲಿ ಇಟ್ಟಿದ್ದರು. ಟರ್ಬಿನಾಟಾ ಸಿಕ್ಕರೆ ಮಾತ್ರ ಟೆಮೋರಾ ಟರ್ಬಿನಾಟಾ (ಡಾನಾ, 1849) ಅಂತ ಕಂಸದೊಳಗೆ ಬರೆಯಬೇಕು. ಡಾನಾ ಅದನ್ನು ಮೊದಲು ಕ್ಯಾಲನಸ್ ಕುಲಕ್ಕೆ ಸೇರಿಸಿದ್ದರು, ಆಮೇಲೆ ಬೇರೆಯವರು ಇಲ್ಲಿಗೆ ತಂದರು. ಗಂಡಿನ ಕಾಲು ಹೊಂದಲಿಲ್ಲ ಅಂದರೆ ಚಿತ್ರ ಬರೆದು ಮತ್ತೆ ಕಳಿಸಿ, ಈ ಸಲ ಎರಡೂ ಮೂಲೆ ಫೋಕಸ್‌ನಲ್ಲಿ ಇರಲಿ.